ರಕ್ತನಾಳದ ಮೇಡಂ

ಮೇಡಂ ಅವರ ಬೆರಳ ತುದಿಗಳು ಸದಾ ತಣ್ಣಗಿರುತ್ತಿದ್ದವು. ವಡೋದರಾದ ಮೇ ತಿಂಗಳಲ್ಲಿ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲಿನಲ್ಲೂ, ಅವರು ಕೈ ಮುಟ್ಟಿದರೆ ಮಡಕೆಯ ನೀರು ಸೋಕಿದಂತಾಗುತ್ತಿತ್ತು. ಮೂವತ್ತು ವರ್ಷ ಫ್ರೀಜರಿನೊಳಗೆ ಕೈಯಾಡಿಸಿ ಹೀಗಾಗಿದೆ ಎಂದು ಅವರೇ ಹೇಳುತ್ತಿದ್ದರು. ಅದಕ್ಕೇ ಯಾರ ನಾಡಿ ನೋಡುವ ಮೊದಲೂ ಬೆರಳುಗಳನ್ನು ಸೆರಗಿನಲ್ಲಿ ಗಸಗಸ ತಿಕ್ಕಿ, ಬಾಯಿಯ ಹತ್ತಿರ ತಂದು ಉಸಿರು ಬಿಟ್ಟು, ಆಮೇಲೆ ಮಣಿಕಟ್ಟಿನ ಮೇಲಿಡುತ್ತಿದ್ದರು. ಎರಡೂ ಕೈಗಳನ್ನು ಒಟ್ಟಿಗೇ ಹಿಡಿಯುತ್ತಿದ್ದರು. ಕಣ್ಣು ಮುಚ್ಚಿ, ತುಟಿ ಸ್ವಲ್ಪ ಮುಂದೆ ಚಾಚಿ, ಪಕ್ಕದ ಮನೆಯ ಮಾತು ಕದ್ದು ಕೇಳುವವರ ಹಾಗೆ.

ನಾನು ಅವರನ್ನು ಮೊದಲು ಕಂಡದ್ದು ವಡೋದರಾ ಪಕ್ಕದ ಕೊಯಾಲಿಯ ಟೌನ್‌ಶಿಪ್ಪಿನಲ್ಲಿ. ನನ್ನ ಗಂಡನಿಗೆ ಅಲ್ಲಿನ ರಿಫೈನರಿಯಲ್ಲಿ ಕೆಲಸ. ಮದುವೆಯಾಗಿ ದಾವಣಗೆರೆಯಿಂದ ಬಂದು ಹನ್ನೊಂದು ವರ್ಷವಾಗಿತ್ತು. ಟೌನ್‌ಶಿಪ್ಪಿನ ಹೆಂಗಸರಿಗಾಗಿ ಆರೋಗ್ಯದ ಬಗ್ಗೆ ಭಾಷಣ ಇಟ್ಟಿದ್ದರು. ವಡೋದರಾದ ವಿಶ್ವವಿದ್ಯಾಲಯದಿಂದ ಮಾತಾಡಲು ಬಂದಿದ್ದ ಪ್ರೊಫೆಸರ್ ಗುಜರಾತಿಯಲ್ಲೇ ಮಾತಾಡುತ್ತಿದ್ದರೂ ವಾಕ್ಯದ ಕೊನೆಗೆ ಸ್ವರ ಏಳುತ್ತಿದ್ದ ರೀತಿ ನನಗೆ ಎಲ್ಲೋ ಕೇಳಿದಂತಿತ್ತು. ಕೊನೆಗೆ ನಾನು ಹಿಂದಿಯಲ್ಲಿ ಒಂದು ಪ್ರಶ್ನೆ ಕೇಳಿದೆ. ಅವರು ಉತ್ತರ ಕೊಡುವ ಬದಲು ನನ್ನನ್ನೇ ದಿಟ್ಟಿಸಿ, "ನೀವು ಕನ್ನಡದವ್ರೇನ್ರಿ?" ಎಂದರು. ಧಾರವಾಡದ ಮಾತು.

ಚಹಾ ಕುಡಿಯುವಾಗ ನನ್ನ ಹತ್ತಿರವೇ ಬಂದು ನಿಂತರು. ಏನು ಓದಿದ್ದೀರಿ ಎಂದರು. ಎಮ್ಮೆಸ್ಸಿ ಬಯೋಕೆಮಿಸ್ಟ್ರಿ ಎಂದೆ.

"ಮತ್ತ ಇಲ್ಲೆ ಏನ್ ಮಾಡ್ತೀರಿ?"

"ಮನೇಲೇ ಇದೀನಿ ಮೇಡಂ. ಓದಿದ್ದೆಲ್ಲ ಮರ್ತೇ ಹೋಗಿದೆ."

"ಮರ್ತಿದ್ದು ನೆನಪಾಗ್ತದ್ರಿ. ಕಲೀದೇ ಇದ್ದದ್ದು ಹೆಂಗ ನೆನಪಾಗಬೇಕು? ಸೋಮವಾರ ಬರ್ರಿ ಲ್ಯಾಬಿಗೆ."

ಮನೆಗೆ ಬಂದು ಗಂಡನಿಗೆ ಹೇಳಿದರೆ ಅವರು ನಕ್ಕು, "ಹೋಗಿ ನೋಡು, ಮಗನನ್ನ ಸ್ಕೂಲಿಂದ ನಾನು ಕರ್ಕೊಂಡು ಬರ್ತೀನಿ," ಎಂದರು. ಸೋಮವಾರ ಹೋದೆ. ಮೊದಲ ವಾರ ಪಿಪೆಟ್ ಹಿಡಿದ ಕೈ ನಡುಗುತ್ತಿತ್ತು. ಮೇಡಂ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಣ್ಣದ ನೀರನ್ನು ಒಂದು ಬಾಟಲಿಯಿಂದ ಇನ್ನೊಂದಕ್ಕೆ ಹನಿಹನಿಯಾಗಿ ಹಾಕುವ ಕೆಲಸವನ್ನು ಐದು ದಿನ ಕೊಟ್ಟರು. ಆರನೆಯ ದಿನ ನಡುಕ ನಿಂತಿತ್ತು.

ಅವರು ಹಿಡಿದಿದ್ದ ಕೆಲಸ ರಕ್ತನಾಳಗಳ ಉರಿಯೂತದ್ದು. ದೇಹದ ಕಾವಲು ವ್ಯವಸ್ಥೆಯೇ ತಪ್ಪು ತಿಳಿದು ದೊಡ್ಡ ರಕ್ತನಾಳಗಳ ಗೋಡೆಯ ಮೇಲೆ ಬೀಳುವ ಒಂದು ಕಾಯಿಲೆಯಿದೆ. ಗೋಡೆ ಬಾತುಕೊಂಡು ಒಳಗಿನ ದಾರಿ ಕಿರಿದಾಗುತ್ತದೆ. ಹೆಚ್ಚಾಗಿ ಎಳೆಯ ವಯಸ್ಸಿನ ಹೆಂಗಸರಿಗೇ ಬರುತ್ತದೆ. ಕೈ ಸೋಲುತ್ತದೆ, ತಲೆ ಸುತ್ತುತ್ತದೆ, ಒಂದು ದಿನ ಒಂದು ಕೈಯಲ್ಲಿ ನಾಡಿಯೇ ಸಿಗುವುದಿಲ್ಲ. ಅಲ್ಲಿಯವರೆಗೆ ಎಲ್ಲರೂ ಅದನ್ನು ವೀಕ್‌ನೆಸ್ ಎಂದೋ ಟೆನ್ಶನ್ ಎಂದೋ ಕರೆದಿರುತ್ತಾರೆ. ಗುಳಿಗೆ ಕೊಟ್ಟ ಮೇಲೂ ತೊಡಕು ತಪ್ಪದು. ಮಾಮೂಲಿ ರಕ್ತಪರೀಕ್ಷೆಯಲ್ಲಿ ಎಲ್ಲ ಶಾಂತವಾಗಿದೆ ಎಂದು ಬರಬಹುದು, ಆದರೆ ಗೋಡೆಯೊಳಗೆ ಉರಿ ನಡೆದೇ ಇರಬಹುದು. "ಬೂದಿ ಮುಚ್ಚಿದ ಕೆಂಡ ಅಂತಾರಲ್ರಿ, ಅದ ಇದು," ಎನ್ನುತ್ತಿದ್ದರು ಮೇಡಂ. ಆ ಕೆಂಡ ಇದೆಯೋ ಆರಿದೆಯೋ ಎಂದು ಒಂದು ಹನಿ ರಕ್ತದಲ್ಲಿ ತಿಳಿಯುವಂತಾಗಬೇಕು, ಅಂಥ ಗುರುತಿನ ಪದಾರ್ಥ ಹುಡುಕಬೇಕು ಎಂಬುದು ಅವರ ಹಟ.

ಯಾಕೆ ಈ ಕಾಯಿಲೆಯನ್ನೇ ಹಿಡಿದಿರಿ ಎಂದು ಒಮ್ಮೆ ರೈಲಿನಲ್ಲಿ ಕೇಳಿದ್ದೆ. ಭರೂಚ್ ದಾಟಿ ಗಾಡಿ ನರ್ಮದೆಯ ಸೇತುವೆ ಏರಿತ್ತು. ದಿನಾ ಅಪ್‌ಡೌನ್ ಮಾಡುವ ಗಂಡಸರು ಇಸ್ಪೀಟು ನಿಲ್ಲಿಸಿ ಹೊಳೆಗೆ ಕೈ ಮುಗಿಯುತ್ತಿದ್ದರು. ಮೇಡಂ ಹಾಸ್ಟೆಲಿನಲ್ಲಿ ತಮ್ಮ ಕೋಣೆಯಲ್ಲಿದ್ದ ಗೆಳತಿಯ ಕಥೆ ಹೇಳಿದರು. ಜಡೆ ಹಾಕಿಕೊಳ್ಳಲು ಕೈ ಎತ್ತಿದರೆ ಅವಳಿಗೆ ಕೈ ಸೋತು ಬೀಳುತ್ತಿತ್ತಂತೆ. ಮೇಡಂ ದಿನಾ ಜಡೆ ಹಾಕಿಕೊಡುತ್ತಿದ್ದರು. ಎಲ್ಲರೂ ಅವಳನ್ನು ಸೋಮಾರಿ ಎಂದು ಆಡಿಕೊಳ್ಳುತ್ತಿದ್ದರು. "ನಾನೂ ಅಂದಿದ್ದೆ ಒಂದೆರಡು ಸಲ. ಅಕಿ ಹೋದ ಮ್ಯಾಲೆ ಗೊತ್ತಾತು ಏನಿತ್ತಂತ." ಅಷ್ಟು ಹೇಳಿ ಡಬ್ಬಿ ತೆಗೆದು ರೊಟ್ಟಿಗೆ ಗುರೆಳ್ಳು ಚಟ್ನಿ ಹಚ್ಚಿ ನನ್ನ ಕೈಗಿಟ್ಟರು. ಮೂವತ್ತು ವರ್ಷ ಗುಜರಾತಿನಲ್ಲಿದ್ದರೂ ಬೆಲ್ಲ ಹಾಕಿದ ಬೇಳೆಗೆ ಅವರು ಒಗ್ಗಿರಲಿಲ್ಲ.

ಎಲ್ಲದರ ಮೇಲೂ ಚೀಟಿ ಅಂಟಿಸುವುದು ಅವರ ಅಭ್ಯಾಸ. ಲ್ಯಾಬಿನಲ್ಲಿ ಸರಿ, ಮನೆಯ ಫ್ರಿಜ್ಜಿನಲ್ಲೂ ಮೊಸರಿನ ಪಾತ್ರೆಯ ಮೇಲೆ ಹೆಪ್ಪು ಹಾಕಿದ ದಿನ, ಗಂಟೆ ಬರೆದಿರುತ್ತಿತ್ತು. ಮದುವೆಯಾಗಿರಲಿಲ್ಲ. ಒಬ್ಬರೇ ಇದ್ದ ಮನೆಯಲ್ಲಿ ಆ ಚೀಟಿ ಯಾರಿಗಾಗಿ ಎಂದು ನಾನು ತಮಾಷೆ ಮಾಡಿದರೆ, "ನನ್ನ ಸಲುವಾಗೇ. ನನ್ನ ಮ್ಯಾಲೆ ನನಗ ಅಷ್ಟೊಂದು ಭರವಸೆ ಇಲ್ಲ," ಎಂದಿದ್ದರು.

ಕಾಯಿಲೆ ಅಪರೂಪದ್ದಾದ್ದರಿಂದ ರೋಗಿಗಳು ಒಂದೇ ಊರಿನಲ್ಲಿ ಸಿಗುತ್ತಿರಲಿಲ್ಲ. ಅಹಮದಾಬಾದಿನ ಒಂದು ಆಸ್ಪತ್ರೆ, ಸೂರತ್ತಿನ ಒಂದು ಆಸ್ಪತ್ರೆಯಿಂದ ರಕ್ತ ತರುತ್ತಿದ್ದೆವು. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕಿತ್ತು. ಅದನ್ನು ವಡೋದರಾದಲ್ಲೇ, ನಮ್ಮ ವಿದ್ಯಾರ್ಥಿನಿಯರಿಂದ ತೆಗೆದುಕೊಳ್ಳುತ್ತಿದ್ದೆವು. ಬುಧವಾರ ನನ್ನ ಸೂರತ್ ಪಾಳಿ. ಐಸ್ ತುಂಬಿದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸಂಜೆಯೊಳಗೆ ವಾಪಸಾಗುತ್ತಿದ್ದೆ. ಲ್ಯಾಬಿಗೆ ಬಂದ ಮೇಲೆ ಟ್ಯೂಬುಗಳನ್ನು ಯಂತ್ರದಲ್ಲಿಟ್ಟು ಗಿರ್ರನೆ ತಿರುಗಿಸಿದರೆ ಕಣಗಳು ತಳಕ್ಕಿಳಿದು ಮೇಲೆ ಹಳದಿ ತಿಳಿ ನಿಲ್ಲುತ್ತಿತ್ತು. ಆ ತಿಳಿಯಲ್ಲೇ ನಮ್ಮ ಹುಡುಕಾಟ.

ಮೂರು ವರ್ಷವಾದ ಮೇಲೆ ಸಿಕ್ಕಿತು. ಒಂದು ಪದಾರ್ಥ ರೋಗಿಗಳಲ್ಲೆಲ್ಲ ಹೆಚ್ಚು, ಆರೋಗ್ಯವಂತರಲ್ಲೆಲ್ಲ ಕಡಿಮೆ. ಮೇಡಂ ಇನ್ನೊಂದು ವರ್ಷ ಮತ್ತೆ ಮತ್ತೆ ನೋಡಿದರು. ಅದೇ ಬಂತು. ಪ್ರಬಂಧ ಬರೆದು ದೊಡ್ಡ ವಿಜ್ಞಾನ ಪತ್ರಿಕೆಗೆ ಕಳಿಸಿದರು, ಅವರು ಒಪ್ಪಿಕೊಂಡರು. ವಿಭಾಗದಲ್ಲಿ ಪೇಡಾ ಹಂಚಿದರು. ಲೇಖಕರ ಸಾಲಿನಲ್ಲಿ ನನ್ನ ಹೆಸರೂ ಇತ್ತು. ನಾನದನ್ನು ಫೋಟೋ ತೆಗೆದು ದಾವಣಗೆರೆಯ ಅಪ್ಪನಿಗೆ ಕಳಿಸಿದೆ.

ಅಚ್ಚಾಗುವ ಮುಂಚೆ ಒಂದು ಬುಧವಾರ ಸೂರತ್ತಿನಲ್ಲಿ ಹೊಸ ನರ್ಸ್ ಇದ್ದಳು. ರಕ್ತ ತೆಗೆಯುವ ಕ್ರಮ ತೋರಿಸಲು ನನ್ನ ತೋಳನ್ನೇ ಕೊಟ್ಟೆ. ತೆಗೆದದ್ದನ್ನು ಚೆಲ್ಲಲು ಮನಸ್ಸಾಗದೆ, ಆರೋಗ್ಯವಂತರ ಲೆಕ್ಕಕ್ಕೆ ಇರಲಿ ಎಂದು ನನ್ನ ಹೆಸರಿನ ಚೀಟಿ ಅಂಟಿಸಿ ಡಬ್ಬಿಗೆ ಸೇರಿಸಿದೆ. ಎರಡು ದಿನದ ಮೇಲೆ ಫಲಿತಾಂಶ ನೋಡಿದರೆ ನನ್ನ ಟ್ಯೂಬು ರೋಗಿಗಳ ಸಾಲಿನಲ್ಲಿ ನಿಂತಿತ್ತು.

ಎರಡು ದಿನ ಯಾರಿಗೂ ಹೇಳಲಿಲ್ಲ. ಅಡುಗೆ ಮಾಡುತ್ತಲೇ ನನ್ನ ನಾಡಿ ನಾನೇ ಹಿಡಿದು ನೋಡಿಕೊಳ್ಳುತ್ತಿದ್ದೆ. ಬಟ್ಟೆ ಹಿಂಡಿ ಕೈ ಸೋತರೆ ಕಾಯಿಲೆಯದೇ ಗುರುತು ಎಂದುಕೊಳ್ಳುತ್ತಿದ್ದೆ. ಮೂರನೆಯ ದಿನ ಕಾಗದವನ್ನು ಮೇಡಂ ಮೇಜಿನ ಮೇಲಿಟ್ಟೆ.

ಅವರು ಕಾಗದ ನೋಡಿದರು, ನನ್ನನ್ನು ನೋಡಿದರು, ಬಾಗಿಲು ಹಾಕಿ ಎರಡೂ ಕೈಗಳ ನಾಡಿ ಹಿಡಿದರು. ಎರಡೂ ತೋಳಿಗೆ ಬೀಪಿ ನೋಡಿದರು. ಅಷ್ಟಕ್ಕೇ ಬಿಡದೆ ಮಾರನೆಯ ಬೆಳಿಗ್ಗೆ ತಾವೇ ಅಹಮದಾಬಾದಿಗೆ ಕರೆದುಕೊಂಡು ಹೋಗಿ ಪರಿಚಯದ ಡಾಕ್ಟರರಿಂದ ಕುತ್ತಿಗೆ, ತೋಳುಗಳ ಸ್ಕ್ಯಾನ್ ಮಾಡಿಸಿದರು. ಎಲ್ಲ ಸರಿಯಿತ್ತು. ನಾನು ಹಗುರಾಗಿ ಅತ್ತುಬಿಟ್ಟೆ. ಅವರು ಮಾತ್ರ ವಡೋದರಾ ಬರುವವರೆಗೆ ಆ ಫಲಿತಾಂಶದ ಕಾಗದವನ್ನೇ ಮತ್ತೆ ಮತ್ತೆ ತೆಗೆದು ನೋಡುತ್ತಿದ್ದರು.

ಲ್ಯಾಬಿಗೆ ಬಂದವರೇ ನನ್ನ ರಕ್ತ ತೆಗೆದು ಎರಡು ಟ್ಯೂಬಿಗೆ ಹಾಕಿದರು. ತಮ್ಮದನ್ನೂ ಹಾಗೆಯೇ ತೆಗೆಸಿಕೊಂಡರು. ಇಬ್ಬರದೂ ಒಂದೊಂದನ್ನು ತಕ್ಷಣ ತಿರುಗಿಸಿದರು. ಇನ್ನೊಂದೊಂದನ್ನು ಐಸ್ ಡಬ್ಬಿಯಲ್ಲಿ, ಸೂರತ್ತಿನಿಂದ ರೈಲು ಬರುವಷ್ಟು ಹೊತ್ತು ಕಾಯಿಸಿದರು. ಫಲಿತಾಂಶ ಬಂದಾಗ ನಾವಿಬ್ಬರೂ ಒಂದೇ ಪರದೆಯ ಮುಂದೆ ನಿಂತಿದ್ದೆವು. ತಕ್ಷಣ ತಿರುಗಿಸಿದ್ದರಲ್ಲಿ ಆ ಪದಾರ್ಥ ಕಡಿಮೆ. ಕಾದು ಕೂತದ್ದರಲ್ಲಿ ಹೆಚ್ಚು. ಟ್ಯೂಬಿನಲ್ಲಿ ಕಾಯುತ್ತಾ ಕೂತ ರಕ್ತಕಣಗಳು ತಾವೇ ಅದನ್ನು ಹೊರಗೆ ಬಿಡುತ್ತಿದ್ದವು. ರೋಗಿಗಳ ರಕ್ತ ರೈಲಿನಲ್ಲಿ ಬಂದಿತ್ತು, ಆರೋಗ್ಯವಂತರದು ಪಕ್ಕದ ಕೋಣೆಯಿಂದ. ನಾಲ್ಕು ವರ್ಷ ನಾವು ಅಳೆದದ್ದು ಕಾಯಿಲೆಯನ್ನಲ್ಲ, ಪ್ರಯಾಣವನ್ನು.

ಮೇಡಂ ಕುರ್ಚಿಯಲ್ಲಿ ಕೂತರು. "ನಿಮಗೇನೂ ಆಗಿಲ್ರಿ. ಆಗಿದ್ದು ನಮ್ಮ ಕೆಲಸಕ್ಕ," ಎಂದರು.

ಮೊದಲು ಅವರು ಫೋನು ಮಾಡಿದ್ದು ಪತ್ರಿಕೆಗಲ್ಲ, ಸೂರತ್ತಿನ ಡಾಕ್ಟರಿಗೆ. ಅಲ್ಲಿ ಇಪ್ಪತ್ತಮೂರು ವರ್ಷದ ಒಬ್ಬಳು ಹುಡುಗಿ ನಮ್ಮ ರೋಗಿಯಾಗಿದ್ದಳು. ಕುಂದಾಪುರದ ಕಡೆಯವರು, ತಂದೆಯ ಉಡುಪಿ ಹೋಟೆಲು ಸೂರತ್ತಿನಲ್ಲೇ ಇತ್ತು. ಅವಳು ಸೀರೆಯ ಅಂಚುಗಳಿಗೆ ವಿನ್ಯಾಸ ಬರೆಯುವವಳು, ಎಡಗೈಯವಳು. ಕಾಯಿಲೆ ಬಂದದ್ದೂ ಆ ಕೈಗೇ. ಸ್ಟೆರಾಯ್ಡ್ ಗುಳಿಗೆಯಿಂದ ಅವಳ ಮುಖ ಪೂರಿಯಂತೆ ಉಬ್ಬಿತ್ತು, ಕನ್ನಡಿ ನೋಡುವುದನ್ನೇ ಬಿಟ್ಟಿದ್ದಳು. ಅವಳ ಉಳಿದೆಲ್ಲ ಪರೀಕ್ಷೆ ಚೆನ್ನಾಗಿದ್ದುದರಿಂದ ಗುಳಿಗೆ ಇಳಿಸೋಣ ಎಂದುಕೊಂಡಿದ್ದ ಡಾಕ್ಟರು, ನಮ್ಮ ಅಂಕಿ ಹೆಚ್ಚು ಬಂದದ್ದನ್ನು ಕೇಳಿ ತಡೆದು ನಿಲ್ಲಿಸಿದ್ದರು. "ಡಾಕ್ಟರ್ ಸಾಹೇಬ್, ನಮ್ಮ ಅಂಕಿ ನಂಬಬೇಡಿ. ತಪ್ಪಾಗಿದೆ," ಎಂದು ಮೇಡಂ ಹಿಂದಿಯಲ್ಲಿ ಎರಡು ಸಲ ಹೇಳಿದರು.

ವಿಭಾಗದ ಮುಖ್ಯಸ್ಥರು ಒಳ್ಳೆಯವರೇ. ಅವರು ಬಂದು ಕೂತು, ಇಷ್ಟು ಆತುರ ಯಾಕೆ, ಅಚ್ಚಾಗಲಿ, ಮುಂದಿನ ವರ್ಷ ಇನ್ನೊಂದು ಪ್ರಬಂಧದಲ್ಲಿ ಇದನ್ನು ಸೂಚಿಸಿದರಾಯಿತು, ನಿಮ್ಮ ನಿವೃತ್ತಿಗೆ ಎರಡೇ ವರ್ಷವಿದೆ, ಈಗ ಯಾರಿಗೆ ಗೊತ್ತಾಗುತ್ತದೆ ಎಂದರು. ಮೇಡಂ, "ನನಗೆ ಗೊತ್ತಾಗಿಬಿಟ್ಟಿದೆಯಲ್ಲ ಸಾಹೇಬ್," ಎಂದು ನಕ್ಕರು. ಅವರು ಹೋದ ಮೇಲೆ, ಪ್ರಬಂಧ ಹಿಂತೆಗೆದುಕೊಳ್ಳುತ್ತೇವೆ ಎಂದು ಪತ್ರಿಕೆಗೆ ನಾಲ್ಕೇ ಸಾಲಿನ ಪತ್ರ ಬರೆದು, ನನಗೆ ಓದಿ ಹೇಳಿ, ಕಳಿಸಿದರು.

ನಾನು ತಲೆ ತಗ್ಗಿಸಿ ಕೂತಿದ್ದೆ. "ನಾನು ಆ ಟ್ಯೂಬ್ ಇಡಬಾರದಿತ್ತು ಮೇಡಂ," ಎಂದೆ.

ಆ ಒಂದು ಸಲ ಅವರು ನನ್ನ ಮೇಲೆ ಸಿಟ್ಟಾದರು. "ಏನ್ ಮಾತಾಡ್ತೀರಿ ದಾವಣಗೆರಿಯವ್ರ? ನೀವು ಇಡದಿದ್ರ ತಪ್ಪು ಇರ್ತಿರ್ಲಿಲ್ಲೇನು? ಇರ್ತಿತ್ತು. ನಮಗ ಗೊತ್ತಿರ್ತಿರ್ಲಿಲ್ಲ, ಅಷ್ಟ. ಏಳ್ರಿ, ಸೂರತ್ತಿಗೆ ಟಿಕೀಟು ತಗೀರಿ. ಇಬ್ಬರಿಗೂ."

ರೋಗಿಗಳಿಗೆಲ್ಲ ಎದುರಿಗೇ ಹೋಗಿ ಹೇಳಬೇಕು ಎಂಬುದು ಅವರ ನಿರ್ಧಾರ. ಫೋನಿನಲ್ಲಿ ಹೇಳಬಹುದಿತ್ತು. ಸೂರತ್ತಿನ ಆ ಹುಡುಗಿಯ ಮನೆ ಹೋಟೆಲಿನ ಮೇಲಿನ ಮಹಡಿಯಲ್ಲಿತ್ತು. ತಂದೆ ಕಾಫಿ ತರಿಸಿದರು. ಮೇಡಂ ಲೋಟ ಮುಟ್ಟದೆ, ಏನಾಯಿತೆಂದು ಸುಲಭವಾದ ಮಾತಿನಲ್ಲಿ ಹೇಳಿ, ಮತ್ತೆ ಮೊದಲಿನಿಂದ ರಕ್ತ ಬೇಕು ಎಂದು ಕೇಳಿದರು.

ಹುಡುಗಿ ಅಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ತಡವರಿಸುತ್ತಿತ್ತು. "ಅಂದ್ರೆ ನಾನು ಕೊಟ್ಟಿದ್ದು ಎಲ್ಲ ವೇಸ್ಟ್ ಆಯ್ತಾ? ನಿಮ್ಮ ನಂಬರ್ ನೋಡಿ ನಂಗೆ ಗೋಲಿ ಕಮ್ಮಿ ಮಾಡ್ಲಿಲ್ಲ. ಈ ಮುಖ ನೋಡಿ ಮೇಡಂ, ಸರಿಯಾಗಿ ನೋಡಿ."

ಮೇಡಂ ನೋಡಿದರು. "ಹೌದವ್ವಾ. ನಮ್ಮ ತಪ್ಪು. ನನ್ನ ತಪ್ಪು," ಎಂದರು.

"ಹವೆ ನಹೀ ಆಪು," ಎಂದಳು ಹುಡುಗಿ, ಇನ್ನು ಕೊಡುವುದಿಲ್ಲ ಎಂದು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಂದೆಗೆ ಮುಜುಗರವಾಯಿತು. "ಬೇಜಾರ್ ಮಾಡ್ಕಣ್ಬೇಡಿ ಮೇಡಂ, ಸಣ್ಣ ಪ್ರಾಯ. ಟ್ಯೂಬ್ ಕಾಯೂದೇ ತೊಂದ್ರೆ ಅಂದ್ರೆ ನಮ್ ಹೋಟ್ಲ್ ಹಿಂದೆ ಒಂದ್ ರೂಮ್ ಇತ್ತ್. ಕರೆಂಟೂ ಇತ್ತ್. ನಿಮ್ ಮೆಷಿನ್ ಅಲ್ಲೇ ಇಡಿ."

ಅಷ್ಟು ಹೊತ್ತಿನಲ್ಲಿ ಮೇಡಂ ಮುಖದಲ್ಲಿ ಮೊದಲ ಸಲ ನಗು ಕಂಡಿತು. "ಹೋಟೆಲಿನ್ಯಾಗ ರಕ್ತ ತಿರುಗಿಸಿದ್ರ ನಿಮ್ಮ ಇಡ್ಲಿ ಯಾರು ತಿಂತಾರ್ರಿ? ಆದ್ರ ಮಾತು ಖರೇ ಹೇಳಿದ್ರಿ. ರಕ್ತ ಮೆಷಿನ್ ಹತ್ರ ಬರೂದಲ್ಲ, ಮೆಷಿನ್ನ ರಕ್ತದ ಹತ್ರ ಹೋಗಬೇಕು."

ಹಾಗೆಯೇ ಆಯಿತು. ಸೂರತ್ತಿನ ಆಸ್ಪತ್ರೆಯವರನ್ನು ಕಾಡಿ ಬೇಡಿ ಹಳೆಯ ಮಂಚಗಳನ್ನಿಟ್ಟಿದ್ದ ಒಂದು ಕೋಣೆ ಪಡೆದೆವು. ಕುಕ್ಕರಿನಷ್ಟು ದೊಡ್ಡ ಯಂತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬುಧವಾರ ಸೂರತ್ತಿಗೆ, ಶುಕ್ರವಾರ ಅಹಮದಾಬಾದಿಗೆ ರೈಲಿನಲ್ಲಿ ಒಯ್ಯತೊಡಗಿದೆವು. ಆರೋಗ್ಯವಂತರ ರಕ್ತವನ್ನೂ ಈಗ ಅದೇ ಊರಿನಲ್ಲಿ, ಅದೇ ಕೋಣೆಯಲ್ಲಿ, ಅದೇ ಗಡಿಯಾರ ನೋಡಿ ತೆಗೆಯುತ್ತಿದ್ದೆವು. ಮೇಡಂಗೆ ಆಗ ಮೊಣಕಾಲು ನೋವು ಶುರುವಾಗಿತ್ತು. ಸ್ಟೇಷನ್ನಿನ ಮೆಟ್ಟಿಲುಗಳನ್ನು ಒಂದೊಂದಾಗಿ, ಕಂಬಿ ಹಿಡಿದು ಹತ್ತುತ್ತಿದ್ದರು. ಯಂತ್ರದ ಒಂದು ಹಿಡಿ ಮಾತ್ರ ಬಿಡುತ್ತಿರಲಿಲ್ಲ. ಅಹಮದಾಬಾದಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಪೊಲೀಸ್ ಇದೇನೆಂದು ತಡೆದಾಗ, ಸೀರೆ ಬಿಚ್ಚಿ, ರಕ್ತನಾಳದ ಗೋಡೆ ಹೇಗೆ ಬಾತುಕೊಳ್ಳುತ್ತದೆ ಎಂಬುದರಿಂದ ಶುರುಮಾಡಿ ಗುಜರಾತಿಯಲ್ಲಿ ಪೂರ್ತಿ ಪಾಠ ಮಾಡಿದರು. ಅವನು ಕೊನೆಗೆ ತನ್ನ ಎರಡೂ ಕೈಗಳನ್ನೇ ಮುಂದೆ ಚಾಚಿದ. ಮೇಡಂ ನಾಡಿ ನೋಡಿ, ಎರಡೂ ಚೆನ್ನಾಗಿವೆ ಎಂದು ಹೇಳಿ ಕಳಿಸಿದರು.

ಸೂರತ್ತಿನ ಹುಡುಗಿ ಐದಾರು ತಿಂಗಳು ಬರಲಿಲ್ಲ. ಗುಳಿಗೆ ಇಳಿಸಿದ್ದಾರೆ ಎಂದಷ್ಟೇ ತಂದೆಯಿಂದ ತಿಳಿಯಿತು. ಫೋನು ಮಾಡಿ ಕೇಳೋಣವೇ ಎಂದರೆ ಮೇಡಂ ಬೇಡವೆಂದರು. "ಇಲ್ಲ ಅನ್ನೂ ಹಕ್ಕು ಅಕಿದು. ಅದನ್ನ ನಾವು ಮತ್ತ ಮತ್ತ ಕೇಳಿ ಸವಸಬಾರದು."

ಒಂದು ಬುಧವಾರ ಅವಳೇ ಬಂದು ಮಂಚಗಳ ಕೋಣೆಯ ಬಾಗಿಲಲ್ಲಿ ನಿಂತಳು. ಮುಖದ ಬಾವು ಇಳಿದು ಗಲ್ಲದ ಮೂಳೆ ಕಾಣುತ್ತಿತ್ತು. ಕುರ್ತಾದ ತೋಳು ಮೇಲೇರಿಸಿಕೊಂಡೇ ಬಂದಿದ್ದಳು. "ಕೊಡ್ತೀನಿ. ಆದ್ರೆ ಮೆಷಿನ್ ತಿರುಗೋದು ನಾನು ನೋಡ್ಬೇಕು."

"ನೋಡವ್ವಾ, ನಿಂತು ನೋಡು," ಎಂದರು ಮೇಡಂ.

ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಯಂತ್ರ ನಿಲ್ಲುವವರೆಗೂ ನಿಂತಳು. ನಾನು ಹಳದಿ ತಿಳಿಯನ್ನು ಬೇರೆ ಮಾಡಿ ಚೀಟಿ ಅಂಟಿಸುವುದನ್ನೂ ನೋಡಿದಳು. ಗಂಟೆ ಬರೆದದ್ದು ಸರಿಯಿದೆಯೇ ಎಂದು ತನ್ನ ಮೊಬೈಲಿನಲ್ಲಿ ಪರೀಕ್ಷಿಸಿದಳು. ಆಮೇಲೆ ಮೇಡಂ ಕಡೆ ತಿರುಗಿ, "ಕೆಳಗೆ ಅಪ್ಪ ದೋಸೆ ಪಾರ್ಸೆಲ್ ತಂದು ನಿಂತಿದಾರೆ," ಎಂದಳು. ಅಂದಿನಿಂದ ಅವಳು ಒಂದು ಸಲವೂ ತಪ್ಪಿಸಲಿಲ್ಲ.

ಎರಡನೆಯ ಸುತ್ತು ಮುಗಿಯುವ ಮುಂಚೆ ಮೇಡಂ ನಿವೃತ್ತರಾದರು. ಕೋಣೆ ಬಿಡಬೇಕಾಯಿತು. ಮುಖ್ಯಸ್ಥರು ಕಾರಿಡಾರಿನ ಕೊನೆಗೆ ಒಂದು ಮೇಜು ಹಾಕಿಸಿಕೊಟ್ಟರು. ಸಂಬಳವಿಲ್ಲದೆ ದಿನಾ ಅಲ್ಲೇ ಬಂದು ಕೂರುತ್ತಿದ್ದರು. ಮೊದಲಿನ ಪದಾರ್ಥ ಏನೂ ಹೇಳುವುದಿಲ್ಲ ಎಂಬುದು ಖಚಿತವಾಯಿತು. ಅದರ ಜಾಗದಲ್ಲಿ ಇನ್ನೊಂದು, ಮೊದಲು ನಾವು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಟ್ಟಿದ್ದದ್ದು, ಸ್ವಲ್ಪ ಮಟ್ಟಿಗೆ ನಿಜ ನುಡಿಯುತ್ತದೆ ಎಂದು ಕಂಡಿತು. ಎಲ್ಲರಲ್ಲೂ ಅಲ್ಲ, ಎಲ್ಲ ಸಲವೂ ಅಲ್ಲ. ಪೇಡಾ ಹಂಚುವಂಥದ್ದಲ್ಲ. ಒಂದು ಚಿಕ್ಕ ಪತ್ರಿಕೆಯಲ್ಲಿ ಬಂತು. ಅದರೊಳಗೆ ಒಂದಿಡೀ ಪ್ಯಾರಾ ನಮ್ಮ ಮೊದಲ ತಪ್ಪು ಏನು, ಹೇಗಾಯಿತು ಎಂಬುದೇ ಇತ್ತು. ಆ ಪ್ಯಾರಾವನ್ನು ಮೇಡಂ ನನ್ನಿಂದ ಬರೆಸಿದರು. ಓದಿ ನೋಡಿ, "ಸಣ್ಣದು. ಆದ್ರ ಖರೇ," ಎಂದರು. ಆ ವಾರವೇ ನನ್ನನ್ನು ಪಿಎಚ್‌ಡಿಗೆ ಹೆಸರು ಹಚ್ಚಲು ಕಳಿಸಿದರು. ನಲವತ್ತು ದಾಟಿದೆ ಎಂದೆ. "ಅದು ನನಗೂ ದಾಟಿತ್ತು ಒಮ್ಮೆ," ಎಂದರು.

ಪಿಎಚ್‌ಡಿ ಕೆಲಸಕ್ಕಾಗಿ ನಾನು ಬುಧವಾರ ಸೂರತ್ತಿಗೆ ಹೋಗುತ್ತಲೇ ಇದ್ದೆ. ಹೋದ ವರ್ಷ ಮೇಡಂಗೆ ನ್ಯುಮೋನಿಯಾ ಆಯಿತು. ವಡೋದರಾದ ಆಸ್ಪತ್ರೆಗೆ ಸೇರಿಸಿದೆವು. ಧಾರವಾಡದಿಂದ ಅವರ ತಮ್ಮ ಬಂದಿದ್ದರು. ವಾರವಾದರೂ ಗುಣ ಕಾಣಲಿಲ್ಲ. ಒಂದು ಬೆಳಿಗ್ಗೆ ಬೇಗನೆ ಹೋಗಿ ಮಂಚದ ಪಕ್ಕ ಕೂತೆ. ಮಾಸ್ಕಿನೊಳಗಿಂದ ಅವರ ಮಾತು ದೂರದಿಂದ ಬಂದಂತೆ ಕೇಳುತ್ತಿತ್ತು.

"ಇವತ್ತು ಯಾವ ವಾರ?"

"ಬುಧವಾರ, ಮೇಡಂ."

"ಮತ್ತ ನೀವು ಇಲ್ಲೆ ಯಾಕಿದ್ದೀರಿ?"

"ನಿಮ್ಮನ್ನ ನೋಡೋಕೆ ಬಂದೆ. ಸೂರತ್ತಿನವರಿಗೆ ಮುಂದಿನ ವಾರ ಬನ್ನಿ ಅಂತ ಹೇಳ್ತೀನಿ."

ಅವರು ಬೇಡವೆಂದು ತಲೆಯಾಡಿಸಿದರು. ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. "ಅವ್ರು ಕೆಲಸ ಬಿಟ್ಟು ಬರ್ತಾರ. ನೋಡಿದ್ರಲ್ಲ ನನ್ನ, ಆತಲ್ಲ. ಹೋಗ್ರಿ, ಗಾಡಿ ತಪ್ಪತದ."

ನಾನು ಅವರ ತಮ್ಮನ ಮುಖ ನೋಡಿದೆ. ಅವರು ಹೋಗಿ ಎಂಬಂತೆ ಕಣ್ಣಿನಲ್ಲೇ ಹೇಳಿದರು. ಹೋದೆ.

ಸೂರತ್ತಿನಲ್ಲಿ ಅಂದು ಹೊಸ ರೋಗಿ. ಮದುವೆಯಾಗಿ ವರ್ಷವಾಗಿದ್ದ ಹೆಣ್ಣುಮಗಳು, ಬಲಗೈಯಲ್ಲಿ ನಾಡಿ ಬಹಳ ಮಂದವಿತ್ತು. ಅತ್ತೆ ಜೊತೆಯಲ್ಲಿ ಬಂದಿದ್ದರು. ರಕ್ತ ತೆಗೆದು, ಟ್ಯೂಬುಗಳನ್ನಿಟ್ಟು, ಯಂತ್ರ ಚಾಲೂ ಮಾಡಿದ್ದೆ. ಆಗ ಫೋನು ಬಂತು. ಮೇಡಂ ಅವರ ತಮ್ಮ ಎರಡೇ ಮಾತು ಹೇಳಿದರು.

ಯಂತ್ರ ಇನ್ನೂ ತಿರುಗುತ್ತಿತ್ತು. ನಾನು ಅದರ ಮೇಲೆ ಕೈಯಿಟ್ಟುಕೊಂಡು ನಿಂತೆ. ಅದು ನಿಂತ ಮೇಲೆ ಮುಚ್ಚಳ ತೆಗೆದೆ. ಹಳದಿ ತಿಳಿಯನ್ನು ಬೇರೆ ಮಾಡಿದೆ, ಕೈ ನಡುಗದಂತೆ ಮೊಣಕೈಯನ್ನು ಮೇಜಿಗೆ ಊರಿಕೊಂಡು. ಚೀಟಿಯ ಮೇಲೆ ದಿನ ಬರೆದೆ, ಗಂಟೆ ಬರೆದೆ. ಎಲ್ಲವನ್ನೂ ಡಬ್ಬಿಯೊಳಗಿಟ್ಟು ಮುಚ್ಚಿದ ಮೇಲೆ ಹಳೆಯ ಮಂಚವೊಂದರ ಮೇಲೆ ಕೂತು ಅತ್ತುಬಿಟ್ಟೆ.

ಆ ಹೆಣ್ಣುಮಗಳು ಹತ್ತಿರ ಬಂದು ಗಾಬರಿಯಿಂದ, "ಶು ಥಯು, ಬೆನ್?" ಎಂದು ಕೇಳಿದಳು. ಏನಾಯಿತು ಅಕ್ಕಾ ಎಂದು. ನಮ್ಮ ಮೇಡಂ ಹೋದರು ಎಂದೆ. ಅವಳು ಮೇಡಂ ಅವರನ್ನು ಕಂಡವಳಲ್ಲ. ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು ನಿಂತು, ಆಮೇಲೆ ಸಂಕೋಚಪಡುತ್ತಲೇ, ಹಾಗಾದರೆ ನಾನು ಕೊಟ್ಟ ರಕ್ತವನ್ನು ಇನ್ನೊಮ್ಮೆ ಕೊಡಬೇಕಾಗುತ್ತದೆಯೇ ಎಂದು ಕೇಳಿದಳು.

"ಬೇಡ," ಎಂದೆ. "ಸರಿಯಾಗಿದೆ."